ಬ್ರೇಕಿನ ದಿನ ಮಾಡಿದ ಕೆಲಸ

ಬಾದಾಮಿಯ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನನ್ನು ಸಂದರ್ಶನ ಮಾಡಿದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. ನೀವೊಬ್ಬರೇ ಇದ್ದಾಗ ನಿಭಾಯಿಸಿದ ಒಂದು ತುರ್ತು ಪ್ರಸಂಗ ಹೇಳಿ ಎಂದರು. ನಾನು ಡಯಾಲಿಸಿಸ್ ಟೆಕ್ನಿಷಿಯನ್. ಡಿಪ್ಲೊಮಾ ಮುಗಿಸಿ, ಇಳಕಲ್ಲಿನ ಒಂದು ಟ್ರಸ್ಟ್ ಆಸ್ಪತ್ರೆಗೆ ಏಜೆನ್ಸಿಯ ಮೂಲಕ ಟೆಂಪರವರಿಯಾಗಿ ಸೇರಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಒಬ್ಬಳೇ ಇದ್ದಾಗ ಅಂಥ ದೊಡ್ಡ ಪ್ರಸಂಗ ಬಂದಿರಲಿಲ್ಲ, ಬಂದಾಗಲೆಲ್ಲ ಹಿರಿಯ ಟೆಕ್ನಿಷಿಯನ್ ಪಕ್ಕದಲ್ಲಿ ಇರುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರು ಒಳ್ಳೆಯವರು, ಚಹಾ ಕುಡಿದು ಹೋಗಿ ಅಂದರು. ಚಹಾ ಕುಡಿದು ಹೋಗಿ ಅಂದರೆ ಕೆಲಸ ಇಲ್ಲ ಎಂದು ಅರ್ಥ ಎನ್ನುವಷ್ಟು ಅನುಭವ ಮಾತ್ರ ಅಷ್ಟರಲ್ಲಿ ನನಗೆ ಆಗಿತ್ತು.

ಇಳಕಲ್ಲಿನ ನಮ್ಮ ಘಟಕದಲ್ಲಿ ನಾಲ್ಕು ಯಂತ್ರ, ಇಬ್ಬರು ಟೆಕ್ನಿಷಿಯನ್, ಮೇಲೆ ನೋಡಿಕೊಳ್ಳಲು ಒಬ್ಬ ಸಿಸ್ಟರ್. ಹುನಗುಂದದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು ನೀರು ಶುದ್ಧ ಮಾಡುವ ಪ್ಲಾಂಟ್ ಚಾಲೂ ಮಾಡುತ್ತಿದ್ದೆ. ನೀರಿನಲ್ಲಿ ಕ್ಲೋರಿನ್ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಯಂತ್ರ ತೊಳೆದು, ರಕ್ತ ಸೋಸುವ ಡಯಲೈಸರ್ ಜೋಡಿಸಿ, ನಳಿಕೆಗಳಲ್ಲಿ ಸಲೈನ್ ಹರಿಸಿ ಒಳಗಿನ ಗಾಳಿ ಹೊರಗೆ ಹಾಕಬೇಕು. ಗುಳ್ಳೆ ಉಳಿಯಬಾರದು. ಅದಕ್ಕಾಗಿ ಡಯಲೈಸರನ್ನು ಅಂಗೈಯಿಂದ ತಟ್ಟುತ್ತ ನಿಲ್ಲಬೇಕು. ದಿನವೂ ಎದ್ದು ಏನು ತಟ್ಟುತ್ತೇನೆ ಎಂದು ಒಮ್ಮೆ ವಿವರಿಸಿದಾಗ ಅವ್ವ, ಅದನ್ನು ತಟ್ಟುವ ಕೈಗೆ ಮನೆಯಲ್ಲಿ ಎರಡು ರೊಟ್ಟಿ ಬಡಿಯುವುದು ಮಾತ್ರ ಭಾರವೇನು ಎಂದು ಕೇಳಿದ್ದಳು.

ಮೂರು ತಿಂಗಳಿಗೊಮ್ಮೆ ಏಜೆನ್ಸಿಯವರು ನಮಗೆ ಒಂದು ದಿನದ ಬ್ರೇಕ್ ಕೊಡುತ್ತಿದ್ದರು. ಹೆಸರು ಕೇಳಿದರೆ ರಜೆ ಅನಿಸುತ್ತದೆ. ನಿಜ ಏನೆಂದರೆ ಆ ದಿನ ನಾವು ಕೆಲಸದಲ್ಲೇ ಇಲ್ಲ, ಮಾರನೆಯ ದಿನ ಹೊಸದಾಗಿ ಸೇರಿದವರು. ಇಷ್ಟು ವರ್ಷ ಸತತವಾಗಿ ದುಡಿದಿದ್ದೇನೆ, ನನ್ನನ್ನು ಕಾಯಂ ಮಾಡಿ ಎಂದು ಮುಂದೆ ಯಾರೂ ಕೇಳಬಾರದು, ಅದಕ್ಕೆ ಮಾಡಿದ ಉಪಾಯ ಅದು. ಬ್ರೇಕಿನಲ್ಲಿ ಇರುವವರು ಘಟಕದೊಳಗೆ ಕಾಲಿಡುವಂತಿಲ್ಲ, ರೋಗಿಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮುಟ್ಟಿದವರನ್ನೂ ಒಳಗೆ ಬಿಟ್ಟುಕೊಂಡವರನ್ನೂ ಮನೆಗೆ ಕಳಿಸುತ್ತಿದ್ದರು. ನಾನು ಸರ್ ಎಂದು ಕರೆಯುತ್ತಿದ್ದ ಹಿರಿಯ ಟೆಕ್ನಿಷಿಯನ್ ಕೂಡ ನನ್ನ ಹಾಗೆ ಟೆಂಪರವರಿಯೇ. ಇಬ್ಬರು ಮಕ್ಕಳ ತಂದೆ. ಇಲ್ಲಿಯವರೆಗೆ ಎಷ್ಟು ಬ್ರೇಕ್ ಆದವು ಸರ್ ಎಂದರೆ ಲೆಕ್ಕ ಬಿಟ್ಟಿದ್ದೇನೆ ಅನ್ನುತ್ತಿದ್ದರು. ನನಗೆ ಆ ಪದ ಕೇಳಿದರೇ ಮೈ ಉರಿಯುತ್ತಿತ್ತು.

ಬಾದಾಮಿಯಿಂದ ಬರಿಗೈಲಿ ಬಂದ ಕೆಲವು ದಿನಗಳಿಗೆ ಟ್ರಸ್ಟಿನವರು ಒಂದು ಕಾಯಂ ಹುದ್ದೆ ಕರೆದರು. ಹುದ್ದೆ ಒಂದೇ, ಸಂದರ್ಶನ ಬಾಗಲಕೋಟೆಯ ನವನಗರದ ಅವರ ಮುಖ್ಯ ಕಚೇರಿಯಲ್ಲಿ. ಸರ್ ಕೂಡ ಅರ್ಜಿ ಹಾಕಿದರು, ನಾನೂ ಹಾಕಿದೆ. ಒಂದೇ ಕೋಣೆಯಲ್ಲಿ ದಿನವಿಡೀ ಒಟ್ಟಿಗೆ ಕೆಲಸ ಮಾಡುವವರು ಒಂದು ಹುದ್ದೆಗೆ ಎದುರುಬದುರಾದರೆ ಮುಖ ಸೊಟ್ಟಗೆ ಮಾಡಿಕೊಳ್ಳಬೇಕು. ನಾವು ಹಾಗೆ ಮಾಡಿಕೊಳ್ಳಲಿಲ್ಲ. ಇಬ್ಬರೂ ಕೂಡಿಯೇ ತಯಾರಿ ನಡೆಸಿದೆವು. ನಮ್ಮ ಸಂದರ್ಶನ ಮಂಡಳಿ ಹಾಸಿಗೆಯ ಮೇಲೆ ಮಲಗಿತ್ತು.

ಡಯಾಲಿಸಿಸ್ ಎಂದರೆ ನಾಲ್ಕು ತಾಸು. ಸೂಜಿ ಹಾಕಿ ಯಂತ್ರಕ್ಕೆ ಹಚ್ಚಿದ ಮೇಲೆ ರೋಗಿ ಎಲ್ಲಿಗೂ ಏಳುವಂತಿಲ್ಲ, ಬೇಸರಕ್ಕೆ ಅವರಿಗೂ ಏನಾದರೂ ಬೇಕು. ಸರ್ ಪ್ರಶ್ನೆ ಕೇಳುವರು, ನಾನು ಉತ್ತರ ಹೇಳುವೆ, ಆಮೇಲೆ ಸರದಿ ಬದಲು. ಮಂಡಳಿಯ ಅಧ್ಯಕ್ಷರು ಕಿಟಕಿ ಪಕ್ಕದ ಹಾಸಿಗೆಯ ಕಾಕಾ. ಅಮೀನಗಡದವರು, ಕರದಂಟಿನ ಅಂಗಡಿಯೊಂದರಲ್ಲಿ ಬೆಲ್ಲದ ಪಾಕ ಹಿಡಿಯುವುದು ಅವರ ಕೆಲಸ. ಒಮ್ಮೆ ನಾನು ಸರ್‌ಗೆ ನಿಮ್ಮ ದೌರ್ಬಲ್ಯ ಏನು ಎಂದು ಪುಸ್ತಕದ ಪ್ರಶ್ನೆ ಕೇಳಿದೆ. ಸರ್ ಯೋಚಿಸುವುದರೊಳಗೆ ಕಾಕಾ, ಸೂಜಿ ಚುಚ್ಚಲು ಬರದಿರುವುದೇ ಇವನ ದೌರ್ಬಲ್ಯ ಎಂದುಬಿಟ್ಟರು. ನಾಲ್ಕೂ ಹಾಸಿಗೆ ನಕ್ಕವು. ಕಾಕಾ ತಮ್ಮ ಕೈ ಕೊಡುತ್ತಿದ್ದದ್ದು ನನಗೆ ಮಾತ್ರ.

ಬಾದಾಮಿಯ ಪ್ರಶ್ನೆ ಎಲ್ಲ ಕಡೆಗೂ ಬರುತ್ತದೆ ಎಂದು ಸರ್ ಹೇಳಿದ್ದರಿಂದ ಅದಕ್ಕೊಂದು ಉತ್ತರ ಕಟ್ಟಿಕೊಂಡಿದ್ದೆ. ಸರ್ ಊಟಕ್ಕೆ ಹೋದಾಗ ಒಬ್ಬ ರೋಗಿಯ ಬಿಪಿ ಇಳಿಯಿತು, ತಲೆಯ ಕಡೆ ತಗ್ಗಿಸಿ ಸಲೈನ್ ಕೊಟ್ಟೆ, ಸರಿಹೋಯಿತು. ಸುಳ್ಳಲ್ಲ, ಆದರೆ ಅಂಥದ್ದು ವಾರಕ್ಕೊಮ್ಮೆ ಆಗುತ್ತದೆ. ಕಾಕಾ ಕಣ್ಣು ಮುಚ್ಚಿ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದರು.

"ಸಪ್ಪಗ ಆತವಾ. ಪಾಕ ಇನ್ನೂ ಎಳಿ ಬಂದಿಲ್ಲ."

ಕಾಕಾನ ಜೊತೆ ನನ್ನ ಜಗಳ ಒಂದೇ. ಕಿಡ್ನಿ ಕೆಲಸ ಮಾಡದವರ ರಕ್ತದಲ್ಲಿ ಪೊಟ್ಯಾಸಿಯಂ ನಿಂತುಬಿಡುತ್ತದೆ, ಜಾಸ್ತಿಯಾದರೆ ಹೃದಯವೇ ನಿಲ್ಲುತ್ತದೆ. ಉತ್ತತ್ತಿ, ಅಂಜೂರ, ಒಣಕೊಬ್ಬರಿ, ಗೋಡಂಬಿ, ಬೆಲ್ಲ, ಇವೆಲ್ಲ ಅವರಿಗೆ ವಿಷ. ಕರದಂಟಿನಲ್ಲಿ ಇವು ಬಿಟ್ಟು ಇನ್ನೇನಿರುತ್ತದೆ? ತಿನ್ನುವುದಿಲ್ಲ ಎಂದು ಕಾಕಾ ಆಣೆ ಮಾಡುತ್ತಿದ್ದರು. ರುಚಿ ನೋಡುವುದು ಅವರ ಲೆಕ್ಕದಲ್ಲಿ ತಿನ್ನುವುದಲ್ಲ. ಪಾಕ ಹಿಡಿದವನು ಬಾಯಿಗೆ ಹಾಕಿ ನೋಡದೆ ಮಾಲು ಕಟ್ಟಲು ಬಿಡುವುದು ಆ ಊರಿನಲ್ಲಿ ಇಲ್ಲ, ಅದು ಕಸುಬಿಗೆ ಮಾಡಿದ ಅವಮಾನ. ಚೂರು ಎಂದರೆ ಎಷ್ಟು ಎಂದರೆ ಉಗುರು ತೋರಿಸುತ್ತಿದ್ದರು. ದಿನಕ್ಕೆ ಎಷ್ಟು ಕಡಾಯಿ ಇಳಿಯುತ್ತವೆ ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಸಂದರ್ಶನಕ್ಕೆ ಒಂದು ವಾರ ಇರುವಾಗ ನನ್ನ ಬ್ರೇಕ್ ಬಂತು. ಮನೆಯಲ್ಲಿ ಕುಳಿತು ಉತ್ತರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಅವ್ವ ಪಕ್ಕದಲ್ಲಿ ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಸಿಸ್ಟರ್ ಫೋನ್ ಬಂತು. ಅವರು ಜೋರು ಮಾಡುವವರಲ್ಲ, ಅವತ್ತು ಇನ್ನೂ ಮೆತ್ತಗೆ ಮಾತಾಡಿದರು.

"ಇವತ್ತ ನಿನಗ ಬ್ರೇಕ್ ಐತಿ ಅನ್ನೂದು ಗೊತ್ತೈತಿ ನನಗ. ಬಾ ಅಂತ ನಾ ಅನ್ನಂಗಿಲ್ಲ. ಕಾಕಾ ಬಂದಾರ. ಕಾಲಾಗ ಬಲ ಇಲ್ಲ, ನಾಡಿ ಬಿಟ್ಟು ಬಿಟ್ಟು ಹೊಡ್ಯಾಕತ್ತೇತಿ. ಅಷ್ಟ ಹೇಳಾಕ ಫೋನ್ ಮಾಡಿದೆ."

ಸರ್ ಎಲ್ಲಿ ಎಂದು ಕೇಳಿದೆ. ಬೆಳಗಿನ ಪಾಳಿ ಮುಗಿಸಿ, ಸಿಸ್ಟರ್ ಒಬ್ಬರನ್ನು ಬಿಟ್ಟು ಯಾರಿಗೂ ಹೇಳದೆ ನವನಗರಕ್ಕೆ ಹೋಗಿದ್ದರು. ಸಂದರ್ಶನಕ್ಕೆ ಮೊದಲು ಕಚೇರಿಯ ಗುಮಾಸ್ತರಿಗೆ ಮೂಲ ಪ್ರಮಾಣಪತ್ರ ತೋರಿಸಬೇಕಿತ್ತು, ಅವರಿಗೆ ಕೊಟ್ಟ ದಿನ ಅದೇ. ಕೆಲಸದ ಹೊತ್ತಿನಲ್ಲಿ ರಜೆ ಕೇಳಿದರೆ ಏಜೆನ್ಸಿ ಕೊಡುತ್ತಿರಲಿಲ್ಲ, ಸಿಸ್ಟರ್ ಕಣ್ಣು ಮುಚ್ಚಿಕೊಂಡು ಕಳಿಸಿದ್ದರು. ಅಲ್ಲಿಂದ ಎಷ್ಟು ಬೇಗ ಹೊರಟರೂ ಸಂಜೆಯಾಗುತ್ತಿತ್ತು. ಡ್ಯೂಟಿ ಡಾಕ್ಟರು ಹೊಸಬರು. ಈಸಿಜಿ ನೋಡಿ, ಬಾಗಲಕೋಟೆಗೆ ಕಳಿಸಿದರೆ ದಾರಿಯಲ್ಲೇ ಹೋಗುತ್ತಾರೆ, ಇಲ್ಲೇ ಯಂತ್ರಕ್ಕೆ ಹಚ್ಚಿ ಎಂದು ಸಿಸ್ಟರ್‌ಗೆ ಹೇಳಿದ್ದರು. ಹಚ್ಚುವವರು ಯಾರು ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಅವ್ವನಿಗೆ ಅರ್ಧ ಮಾತಿನಲ್ಲೇ ಎಲ್ಲ ತಿಳಿಯಿತು. ಸಂದರ್ಶನ ಇನ್ನೊಂದು ವಾರ ಇದೆ, ಯಾರಾದರೂ ನೋಡಿ ಹೇಳಿದರೆ ಇದ್ದದ್ದೂ ಹೋಗುತ್ತದೆ ಎಂದಳು. ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದಳು. ಅವಳು ಹೇಳಿದ್ದು ಸರಿಯೇ ಇತ್ತು. ನನಗೆ ಹೆದರಿಕೆಯಾಯಿತು, ಕಾಕಾನ ಮೇಲೆ ಸಿಟ್ಟೂ ಬಂತು. ಮದುವೆಯ ಸೀಜನ್ನು, ಒಂದರ ಮೇಲೊಂದು ಕಡಾಯಿ ಇಳಿದಿರುತ್ತದೆ, ಉಗುರಿನಷ್ಟು ಉಗುರಿನಷ್ಟು ಎಂದು ಮುಷ್ಟಿ ತಿಂದಿದ್ದಾರೆ ಎಂದು ಬೈದುಕೊಂಡೆ. ಬೈಯುತ್ತಲೇ ಚಪ್ಪಲಿ ಮೆಟ್ಟಿದ್ದೆ. ಬಸ್ ನಿಲ್ದಾಣದ ಹೊರಗೆ ಇಳಕಲ್ಲಿಗೆ ಹೋಗುವ ಟಂಟಂ ಆಟೊ ತುಂಬಿ ನಿಂತಿತ್ತು, ಚಾಲಕನ ಪಕ್ಕದಲ್ಲಿ ಅರ್ಧ ಹೊರಗೆ ಕುಳಿತು ಹೋದೆ.

ಸಿಸ್ಟರ್ ಹಿಂದಿನ ಬಾಗಿಲು ತೆರೆದಿದ್ದರು. ಕಾಕಾ ಸ್ಟ್ರೆಚರ್ ಮೇಲೆ ಇದ್ದರು, ತುಟಿ ಒಣಗಿತ್ತು, ನನ್ನನ್ನು ಗುರುತಿಸಿದರೂ ಕೈ ಎತ್ತಲು ಆಗಲಿಲ್ಲ. ಈಸಿಜಿಯ ಅಲೆಗಳು ಚೂಪಾಗಿ ಮೇಲೆದ್ದಿದ್ದವು. ಡ್ಯೂಟಿ ಡಾಕ್ಟರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು, ಬಾಗಲಕೋಟೆಯ ಕಿಡ್ನಿ ಡಾಕ್ಟರನ್ನು ಫೋನಿನಲ್ಲಿ ಹಿಡಿದಿದ್ದರು. ಮಾಮೂಲಿ ದ್ರಾವಣವೇ ಇರಲಿ, ಪೊಟ್ಯಾಸಿಯಂ ಒಮ್ಮೆಲೇ ಇಳಿಸುವುದು ಬೇಡ, ಮಾನಿಟರ್‌ನಿಂದ ಕಣ್ಣು ತೆಗೆಯಬೇಡಿ ಎಂದು ಅವರು ಹೇಳಿದರು.

ಪ್ಲಾಂಟ್ ಚಾಲೂ ಮಾಡಿ ನೀರು ಪರೀಕ್ಷಿಸಿದೆ. ಅಂಥ ಹೊತ್ತಿನಲ್ಲಿ ಅದನ್ನು ಬಿಟ್ಟುಬಿಡಲು ಮನಸ್ಸು ಹೇಳುತ್ತದೆ, ಬಿಡಬಾರದು. ಡಯಲೈಸರ್ ತಟ್ಟಿ ಗುಳ್ಳೆ ಹೊರಗೆ ಹಾಕಿದೆ. ಕಾಕಾನ ಎಡಗೈಯಲ್ಲಿ ಫಿಸ್ಟುಲಾ ಇದೆ, ಅಂದರೆ ಶಸ್ತ್ರಚಿಕಿತ್ಸೆ ಮಾಡಿ ಕೂಡಿಸಿದ ರಕ್ತನಾಳ. ಮುಟ್ಟಿದರೆ ಜುಮುಜುಮು ಎನ್ನುವ ಕಂಪನ ಸಿಗಬೇಕು. ಅವತ್ತು ಬಿಪಿ ಕಡಿಮೆ ಇದ್ದುದರಿಂದ ಕಂಪನ ಇದ್ದೂ ಇಲ್ಲದ ಹಾಗಿತ್ತು. ಮೇಲಿಂದ ಕೆಳಗೆ ಎರಡು ಸಲ ಬೆರಳಾಡಿಸಿ ಜಾಗ ಹಿಡಿದೆ. ಮೊದಲ ಸೂಜಿ ಸರಿಯಾಗಿ ಕುಳಿತಿತು, ಎರಡನೆಯದು ನಾಳದ ಗೋಡೆ ಹಾದು ಊತ ಬಂತು. ಅದನ್ನು ತೆಗೆದು ಒತ್ತಿ ಹಿಡಿದು, ಇನ್ನೂ ಮೇಲೆ ಮತ್ತೊಂದು ಹಾಕಿದೆ. ಪಂಪ್ ನಿಧಾನವಾಗಿ ಶುರು ಮಾಡಿ, ಬಿಪಿ ನೋಡಿ ನೋಡಿ ವೇಗ ಏರಿಸಿದೆ.

ಡಯಾಲಿಸಿಸ್ ಅರ್ಧಕ್ಕೆ ಬರುವಾಗ ಕಾಕಾ ನೀರು ಕೇಳಿದರು, ಅಲೆಗಳೂ ತಗ್ಗಿದ್ದವು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಯಂತ್ರದ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು. ಜನರೇಟರ್ ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ದೇಹದ ಹೊರಗೆ ನಳಿಕೆಯಲ್ಲಿ ಇರುವ ರಕ್ತ ನಿಂತರೆ ಹೆಪ್ಪುಗಟ್ಟುತ್ತದೆ, ಅಷ್ಟೂ ರಕ್ತ ಹೋಗುತ್ತದೆ. ಕಾಕಾ ಆ ಸ್ಥಿತಿಯಲ್ಲಿ ಅದನ್ನು ಕಳೆದುಕೊಳ್ಳುವಂತಿರಲಿಲ್ಲ, ಇನ್ನೊಮ್ಮೆ ಸೂಜಿ ಹಾಕಲು ಜಾಗವೂ ಇರಲಿಲ್ಲ. ಕ್ಲ್ಯಾಂಪಿನಿಂದ ನಳಿಕೆ ಬಿಡಿಸಿ, ಪಂಪಿನ ಹಿಡಿಕೆ ಹೊರಗೆಳೆದು, ಬಾಣದ ಗುರುತಿನ ಕಡೆಗೆ ಕೈಯಿಂದ ತಿರುವತೊಡಗಿದೆ. ಜೋರಾದರೆ ಸೂಜಿ ನಾಳದ ಗೋಡೆಗೆ ಅಂಟುತ್ತದೆ, ನಿಧಾನವಾದರೆ ಹೆಪ್ಪು. ಗಾಳಿ ಬಂದರೆ ಎಚ್ಚರಿಸುವ ಯಂತ್ರವೂ ಸತ್ತಿದ್ದರಿಂದ ಸಿಸ್ಟರ್ ನಳಿಕೆಗೆ ಮುಖ ಹಚ್ಚಿ ಗುಳ್ಳೆ ಕಾಯುತ್ತ ನಿಂತರು. ನನ್ನ ಭುಜ ಸೋತು ಕೈ ನಿಧಾನವಾದಾಗ ಕಾಕಾ ಕಣ್ಣು ತೆರೆದರು.

"ಪಾಕ ತಿರುವಿದಂಗ ತಿರುವವಾ. ಕೈ ನಿಲ್ಲಸಬ್ಯಾಡ."

ನಿಲ್ಲಿಸಲಿಲ್ಲ. ಕೊನೆಗೆ ಜನರೇಟರ್ ಹತ್ತಿತು, ಯಂತ್ರ ಎಚ್ಚರವಾಯಿತು, ಉಳಿದ ಹೊತ್ತು ಪೂರ್ತಿ ಮಾಡಿದೆವು. ಸಂಜೆ ಕಾಕಾ ದಿಂಬಿಗೆ ಒರಗಿ ಕುಳಿತು ಚಹಾ ಕೇಳಿ ಬೈಸಿಕೊಂಡರು.

ಸರ್ ಓಡುತ್ತ ಬಂದರು. ಸಿಸ್ಟರ್ ಅವರನ್ನೂ ನನ್ನನ್ನೂ ಕೂರಿಸಿ, ಇವತ್ತಿನ ಕೇಸನ್ನು ನೀವೇ ಮಾಡಿದ್ದು ಎಂದಿರಲಿ ಎಂದು ಸರ್‌ಗೆ ಹೇಳಿದರು. ಬೇರೆ ದಾರಿ ಇರಲಿಲ್ಲ. ನಾನು ಬಂದದ್ದು ಹೊರಗೆ ಬಿದ್ದರೆ ಸಿಸ್ಟರ್ ಹೋಗುತ್ತಾರೆ, ಸರ್ ಇಲ್ಲದ್ದು ಹೊರಗೆ ಬಿದ್ದರೆ ಸರ್ ಹೋಗುತ್ತಾರೆ, ಎರಡರಲ್ಲಿ ಯಾವುದು ಹೊರಗೆ ಬಿದ್ದರೂ ನಾನು ಹೋಗುತ್ತೇನೆ. ಮೂವರೂ ಒಪ್ಪಿದೆವು, ಡ್ಯೂಟಿ ಡಾಕ್ಟರನ್ನು ಸಿಸ್ಟರ್ ಆಗಲೇ ಒಪ್ಪಿಸಿದ್ದರು. ಮುಖ್ಯ ಕಚೇರಿಗೆ ಹೋಗುವ ವರದಿಗೆ ಸರ್ ಸಹಿ ಮಾಡಿದರು. ನನಗೆ ಬೇಸರವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಅವತ್ತಿನಷ್ಟು ಸಂತೋಷ ನನಗೆ ಆ ಕೆಲಸದಲ್ಲಿ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಿಲ್ಲ. ಹುನಗುಂದದ ಬಸ್ಸಿನಲ್ಲಿ ಕುಳಿತು ಬಲಗೈ ತೀಡಿಕೊಳ್ಳುವಾಗ ಮಾತ್ರ ಬಾದಾಮಿಯ ಪ್ರಶ್ನೆ ನೆನಪಾಯಿತು. ಅದಕ್ಕೆ ಈಗ ನನ್ನ ಹತ್ತಿರ ಎಳೆ ಬಂದ ಉತ್ತರ ಇತ್ತು. ಅದನ್ನು ಎಲ್ಲೂ ಹೇಳುವಂತಿರಲಿಲ್ಲ.

ಸಂದರ್ಶನದ ದಿನ ಸರ್ ಮತ್ತು ನಾನು ಒಂದೇ ಬಸ್ಸಿನಲ್ಲಿ ಬಾಗಲಕೋಟೆಗೆ ಹೋದೆವು. ನವನಗರದ ಕಚೇರಿಯ ಪಡಸಾಲೆಯಲ್ಲಿ ಬೇರೆ ಊರುಗಳಿಂದ ಬಂದವರೂ ಇದ್ದರು, ಎಲ್ಲರೂ ತುಟಿ ಅಲ್ಲಾಡಿಸುತ್ತ ಉತ್ತರ ಹೇಳಿಕೊಳ್ಳುತ್ತಿದ್ದರು. ಸರ್ ನನಗಿಂತ ಮೊದಲು ಒಳಗೆ ಹೋದರು, ಬಹಳ ಹೊತ್ತು ಇದ್ದರು. ಹೊರಗೆ ಬಂದಾಗ ಹೇಗಾಯಿತು ಎಂದು ಕೇಳಲು ಎದ್ದೆ. ನನ್ನನ್ನು ನೋಡದೆ ನೀರಿನ ಕ್ಯಾನಿನ ಕಡೆಗೆ ಹೋದರು.

ಒಳಗೆ ಮೂವರು ಕುಳಿತಿದ್ದರು. ನೀರಿನ ಬಗ್ಗೆ, ಪೊಟ್ಯಾಸಿಯಂ ಬಗ್ಗೆ, ಸೂಜಿಯ ಜಾಗ ಹೇಗೆ ಬದಲಾಯಿಸುತ್ತೀರಿ ಎನ್ನುವ ಬಗ್ಗೆ ಕೇಳಿದರು. ಚೆನ್ನಾಗಿ ಹೇಳಿದೆ. ನನಗೇ ಗೊತ್ತಾಗುವಷ್ಟು ಚೆನ್ನಾಗಿ ಹೇಳಿದೆ. ನಡುವೆ ಕುಳಿತಿದ್ದ ಹಿರಿಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಘಟಕದಾಗ ಕರೆಂಟ್ ಹೋದ ಕೇಸ್ ಬಗ್ಗೆ ನಿಮ್ಮ ಸೀನಿಯರ್‌ಗೆ ಈಗ ಕೇಳಿದ್ವಿ. ಪಂಪ್ ಕೈಲೆ ತಿರುವಿ ಪೇಷಂಟ್‌ನ ಉಳಿಸ್ಯಾರ. ಅಂಥಾ ಮಂದಿ ನಮಗ ಬೇಕು. ಅವತ್ತ ನೀವು ಎಲ್ಲಿದ್ರಿ?"

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಊತ ಬಂದ ಎರಡನೆಯ ಸೂಜಿ ಯಾವ ಜಾಗದಲ್ಲಿ, ಜನರೇಟರ್ ಹತ್ತುವ ಮೊದಲು ಕಾಕಾ ಏನೆಂದರು, ಅಷ್ಟು ಹೇಳಿದ್ದರೆ ಸಾಕಿತ್ತು, ಆ ಕೋಣೆಯಲ್ಲಿ ಯಾರಿಗೂ ಅನುಮಾನ ಉಳಿಯುತ್ತಿರಲಿಲ್ಲ. ಹುದ್ದೆ ನನಗೆ ಸಿಗುತ್ತಿತ್ತು ಎಂದೇನೂ ಅಲ್ಲ. ಕೊನೇಪಕ್ಷ ಅವರು ನನ್ನತ್ತ ಇನ್ನೊಮ್ಮೆ ನೋಡುತ್ತಿದ್ದರು. ಆಮೇಲೆ ಬಾಗಿಲ ಹೊರಗೆ ನೀರು ಕುಡಿಯುತ್ತಿದ್ದವರನ್ನು ಒಳಗೆ ಕರೆಯುತ್ತಿದ್ದರು, ಇಳಕಲ್ಲಿನಲ್ಲಿ ಹಿಂದಿನ ಬಾಗಿಲು ತೆರೆದವರನ್ನೂ ಕರೆಯುತ್ತಿದ್ದರು.

"ಅವತ್ತ ನನಗ ಬ್ರೇಕ್ ಇತ್ರಿ ಸರ್."

"ಅಂದ್ರ ಅಂಥಾ ಪ್ರಸಂಗ ನೀವು ಒಬ್ಬರ ನಿಭಾಯಿಸಿಲ್ಲ."

"ಇಲ್ರಿ."

ಅವರು ಕನ್ನಡಕ ಹಾಕಿಕೊಂಡರು. ಇಂಥವರ ಕೈಕೆಳಗೆ ಇದ್ದೀರಿ, ಕಲಿತುಕೊಳ್ಳಿ ಎಂದು ಪ್ರೀತಿಯಿಂದಲೇ ಹೇಳಿದರು. ಚಹಾ ಕುಡಿದು ಹೋಗಿ ಎಂದೂ ಹೇಳಿದರು.

ವಾಪಸಾಗುವಾಗ ಸರ್ ನನ್ನ ಪಕ್ಕದ ಸೀಟಿನಲ್ಲೇ ಕುಳಿತರು. ಅಮೀನಗಡದಲ್ಲಿ ಬಸ್ಸು ನಿಂತು, ಕರದಂಟಿನ ಡಬ್ಬಿ ಹಿಡಿದು ಜನ ಇಳಿದು ಹತ್ತಿ ಮಾಡುವಾಗ ಬಾಯಿ ಬಿಟ್ಟರು. ಆ ಕೇಸನ್ನು ತಾವಾಗಿ ಎತ್ತಲಿಲ್ಲ, ಅವರೇ ಕೇಳಿದರು, ತಾವಲ್ಲ ಎಂದರೆ ಹಾಗಾದರೆ ಆ ಹೊತ್ತಿನಲ್ಲಿ ಎಲ್ಲಿದ್ದಿರಿ ಎಂಬ ಮಾತು ಬರುತ್ತಿತ್ತು ಎಂದರು. ಅದು ಖರೆಯೇ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಹಾಗೆಂದು ತಿಳಿದ ಮೇಲೂ ನನಗೆ ಅವರ ಮುಖ ನೋಡಲು ಆಗಲಿಲ್ಲ, ಹುನಗುಂದ ಬರುವವರೆಗೆ ಕಿಟಕಿಯ ಕಡೆಗೇ ತಿರುಗಿದ್ದೆ.

ಸರ್ ಕಾಯಂ ಆದರು. ಸಿಸ್ಟರ್ ನನ್ನ ಎದುರು ಬಂದಾಗಲೆಲ್ಲ ಏನಾದರೂ ಕೆಲಸ ಹುಡುಕಿಕೊಂಡು ಆಚೆ ಹೋಗುತ್ತಿದ್ದರು. ನನ್ನನ್ನು ಏಜೆನ್ಸಿಯವರು ಇನ್ನೊಂದು ಅವಧಿಗೆ ಮುಂದುವರಿಸಿದರು. ಆಮೇಲೆ ಎರಡು ಕಡೆ ಸಂದರ್ಶನಕ್ಕೆ ಹೋದೆ, ಎರಡೂ ಕಡೆ ಆ ಪ್ರಶ್ನೆ ಬಂತು. ಬಿಪಿ ಇಳಿದ ಸಪ್ಪೆ ಕಥೆಯನ್ನೇ ಹೇಳಿ ಬಂದೆ. ಈ ಕಡೆಯ ಘಟಕಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಬೇರೆ ಊರಿನಲ್ಲಿ ಹೇಳಿದ ಮಾತೂ ತಿರುಗಿ ಇಲ್ಲಿಗೇ ಬರುತ್ತದೆ. ಈಗ, ನಿಜವಾಗಿ ಮಾಡಿದ ಕೆಲಸಕ್ಕಿಂತ ಆ ಸಪ್ಪೆ ಕಥೆಯೇ ನನಗೆ ಬಾಯಿಪಾಠವಾಗಿದೆ.

ಮೊನ್ನೆ ಸರ್ ಪಾಳಿ ಮುಗಿಸಿ ಹೊರಡುವಾಗ ಬಾಗಿಲ ಹತ್ತಿರ ನಿಂತು, ಮುಂದಿನ ವಾರ ನಿನ್ನ ಬ್ರೇಕ್ ಇದೆ, ಅವತ್ತು ಏನಾದರೂ ಬಂದರೆ ಊರಲ್ಲೇ ಇರುತ್ತೀಯಲ್ಲ ಎಂದು ಕೇಳಿದರು. ಇರುತ್ತೇನೆ ಎಂದೆ. ಕಾಕಾ ಕೇಳಿಸಿಕೊಂಡರು. ಮಂಡಳಿ ನಡೆಸುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು. ನವನಗರಕ್ಕೆ ಹೋಗಿ ಇದ್ದದ್ದನ್ನು ಹೇಳಿ ಬರುತ್ತೇನೆ ಎಂದು ಒಮ್ಮೆ ಹಟ ಹಿಡಿದಿದ್ದರು, ಸಿಸ್ಟರ್ ಕೆಲಸ ಹೋಗುತ್ತದೆ ಎಂದು ನಾನೇ ತಡೆದಿದ್ದೆ. ನಾನು ಸೂಜಿಯ ಪೊಟ್ಟಣ ಒಡೆಯುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾ ಬದುಕಿದ್ದು ಅವರ ಹೆಸರಿಗಿ ಹೋತು. ಖರೆ ಹೇಳವಾ, ಅವತ್ತ ನಾ ಸತ್ತಿದ್ರ?"

"ಆವಾಗ ನನ್ನ ಹೆಸರು ಬರ್ತಿತ್ತು ಕಾಕಾ."

ಕಾಕಾ ಅಂಗಿಯ ತೋಳು ಮಡಚಿ ಎಡಗೈ ನನ್ನ ಮುಂದೆ ಚಾಚಿದರು. ಫಿಸ್ಟುಲಾದ ಮೇಲೆ ಬೆರಳಿಟ್ಟು ನೋಡಿದೆ, ಕಂಪನ ಚೆನ್ನಾಗಿತ್ತು. ಸ್ಪಿರಿಟ್ ಹಚ್ಚಿ ಮೊದಲ ಸೂಜಿ ಹಾಕಿದೆ.